ಕಪ್ಪತಗುಡ್ಡದ ಗಾಳಿ, ಪಂಜಾಬಿನ ಭತ್ತ

ಪ್ರಶ್ನೆ: ಸರ್, ಕಪ್ಪತಗುಡ್ಡದ ಮೇಲಿನ ಗಾಳಿ ಫ್ಯಾನುಗಳು ನಮ್ಮ ಹೊಲದಿಂದಲೇ ಕಾಣುತ್ತವೆ. ಮಳೆಗಾಲದಲ್ಲಿ ಹಗಲೂ ರಾತ್ರಿ ತಿರುಗುತ್ತವೆ. ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ರಾತ್ರಿ ಕತ್ತಲೆ. ನಮ್ಮ ಕರೆಂಟನ್ನು ಪಂಜಾಬಿಗೆ ಕೊಡುತ್ತಾರಂತೆ. ಇದು ನ್ಯಾಯವೇ?
— ರೈತ, ಮುಂಡರಗಿ ತಾಲೂಕು

ಉತ್ತರ: ನಿಮ್ಮ ಸಿಟ್ಟು ಸರಿ. ಆದರೆ ಪಂಜಾಬಿನವರ ಮೇಲೆ ಬೇಡ.

ಕಳೆ ತೆಗೆಯುವಾಗ ಪಕ್ಕದ ಹೊಲದವರು ನಿಮ್ಮಲ್ಲಿಗೆ ಬರುತ್ತಾರೆ, ಆಮೇಲೆ ನೀವು ಅವರಲ್ಲಿಗೆ ಹೋಗುತ್ತೀರಿ. ಮುಯ್ಯಾಳು ಅಂತೀವಲ್ಲ, ಇದೂ ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಜೋರು. ಮಳೆ ಬಿದ್ದರೆ ಪಂಪ್‌ಸೆಟ್ಟಿನ ಕೆಲಸವೂ ಕಡಿಮೆ. ಪಂಜಾಬಿನಲ್ಲಿ ಆಗಲೇ ಭತ್ತದ ನಾಟಿ, ಬೋರುಗಳೆಲ್ಲ ಓಡಬೇಕು. ನಮಗೆ ಕರೆಂಟ್ ಜಾಸ್ತಿ ಬೇಕಾಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆಗ ಅವರ ಗದ್ದೆಯಲ್ಲಿ ಭತ್ತವೇ ಇರುವುದಿಲ್ಲ. 2023ರ ಬರ ನೆನಪಿದೆಯಲ್ಲ? ಆಗ ನಮ್ಮ ರಾಜ್ಯ ಪಂಜಾಬ್ ಮತ್ತು ಉತ್ತರ ಪ್ರದೇಶದಿಂದ ಕರೆಂಟ್ ತಂದದ್ದು ಮಳೆಗಾಲದಲ್ಲಿ ವಾಪಸ್ ಕೊಡುವ ಕರಾರಿನ ಮೇಲೆ. ಆ ಬೇಸಿಗೆ ನಿಮ್ಮ ಬೆಳೆ ಉಳಿದದ್ದರಲ್ಲಿ ಅವರ ಪಾಲೂ ಇದೆ.

ಇದು ಹಿಂದೆ ಇಷ್ಟು ಸುಲಭ ಇರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಚಾಲೂ ಆದ ಮೇಲೆಯೇ ದಕ್ಷಿಣದ ಗ್ರಿಡ್, ಅಂದರೆ ಕರೆಂಟ್ ಲೈನುಗಳ ಜಾಲ, ದೇಶದ ಉಳಿದ ಗ್ರಿಡ್ ಜೊತೆ ಒಂದಾದದ್ದು. ನಾನಾಗ ಹುಬ್ಬಳ್ಳಿಯ ಒಂದು ಸಬ್‌ಸ್ಟೇಷನ್ನಿನಲ್ಲಿದ್ದೆ. ಅದಕ್ಕೂ ಮೊದಲು ಬೇಸಿಗೆ ಸಂಜೆಗಳಲ್ಲಿ ಫ್ರೀಕ್ವೆನ್ಸಿ ಮೀಟರ್ 50ರಿಂದ ಕೆಳಗೆ ಜಾರಿದರೆ ಎದೆ ಧಸಕ್ ಅನ್ನುತ್ತಿತ್ತು; ಬೇಕಾದಷ್ಟು ಕರೆಂಟ್ ಇಲ್ಲ ಎಂದು ಅದರರ್ಥ. ಫೋನ್ ಬರುತ್ತಿತ್ತು, ಒಂದೊಂದೇ ಹಳ್ಳಿಯ ಫೀಡರ್ (ಊರಿಗೆ ಕರೆಂಟ್ ಒಯ್ಯುವ ಲೈನ್) ತೆಗೆಯುತ್ತಿದ್ದೆವು. ಆ ಕೈಗಳು ನನ್ನವೇ. ಹಾಗಾಗಿ ಈ ಜೋಡಣೆಯ ಬೆಲೆ ನನಗೆ ಗೊತ್ತು.

ಈಗ ಹೀಗೆ ಕೊಟ್ಟು ವಾಪಸ್ ಪಡೆಯುವ ಸಾಲದ ಲೆಕ್ಕದ ಜೊತೆ ಕರೆಂಟ್ ಮಾರುವ, ಕೊಳ್ಳುವ ದಿನದ ಸಂತೆಯೂ ಇದೆ. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಹಿಂದಿನ ದಿನವೇ ದರ ಕಟ್ಟುತ್ತಾರೆ. ಗಾಳಿ ಮತ್ತು ಬಿಸಿಲಿನ ಕರೆಂಟಿಗೆ ಆ ಸಂತೆಯಲ್ಲಿ 2021ರಿಂದ ಬೇರೆಯೇ ಅಂಗಡಿ ಸಾಲು ಇದೆ. ಇದರ ಲಾಭ ಸುಮ್ನೆ ಹಣದ್ದಲ್ಲ. ರಾಯಚೂರಿನಂಥ ಕಲ್ಲಿದ್ದಲು ಘಟಕವನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾಗದು. ಜುಲೈ ರಾತ್ರಿ ಗಾಳಿ ಮಿತಿಮೀರಿದರೆ ಉಳಿಯುವುದು ಎರಡೇ ದಾರಿ: ಫ್ಯಾನು ನಿಲ್ಲಿಸಬೇಕು, ಇಲ್ಲ ಬೇಕಾದವರಿಗೆ ಕೊಡಬೇಕು. ಕೊಟ್ಟರೆ ಅಲ್ಲಿ ಕಲ್ಲಿದ್ದಲು ಅಷ್ಟು ಕಡಿಮೆ ಸುಡುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 1 ಕೆಜಿ ಇಂಗಾಲದ ಹೊಗೆ ಏಳುತ್ತದೆ. ಫ್ಯಾನು ನಿಲ್ಲಿಸುವುದು ಬೆಳೆದ ಜೋಳವನ್ನು ಹೊಲದಲ್ಲೇ ಬಿಟ್ಟಂತೆ.

ಇನ್ನೊಂದು ಮಾತು. ಪಂಜಾಬಿಗೆ ಕೊಟ್ಟರೂ ನಿಮ್ಮ ಗುಡ್ಡದ ಕರೆಂಟ್ ಅಷ್ಟು ದೂರ ಓಡುವುದಿಲ್ಲ. ಅದು ಮೊದಲು ಹತ್ತಿರದ ಗದಗ, ಹುಬ್ಬಳ್ಳಿಗಳಲ್ಲೇ ಖರ್ಚಾಗುತ್ತದೆ. ಅಷ್ಟರಮಟ್ಟಿಗೆ ಬೇರೆ ಕಡೆಯದು ಉತ್ತರಕ್ಕೆ ಸರಿಯುತ್ತದೆ.

ಹಾಗಾದರೆ ನಿಮ್ಮ ಮನೆ ಕತ್ತಲೆ ಯಾಕೆ? ಹೆಚ್ಚಾಗಿ ಊರಿನ ಲೈನ್ ಕಾರಣ. ತಂತಿಗೆ ತಾಗುವ ಬೇವಿನ ಟೊಂಗೆ, ಸುಟ್ಟ ಜಂಪರ್ (ಕಂಬದ ಮೇಲೆ ತಂತಿಗಳನ್ನು ಜೋಡಿಸುವ ತುಂಡು), ಇಪ್ಪತ್ತು ಮನೆಯ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಕಟ್ಟಿದ ಐವತ್ತು ಮನೆ. ಮಾರಿದ ಹಣದಲ್ಲಿ ಒಂದು ಪಾಲು ಗುಡ್ಡದ ಬುಡದ ಹಳ್ಳಿಗಳ ಲೈನಿಗೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ತಿಂಗಳು ಕರೆಂಟ್ ಹೋದ ತಾರೀಖು, ಹೊತ್ತು ಬರೆದಿಡಿ. ಪ್ರತಿ ಸಲ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಕೇಳಿ ಇಟ್ಟುಕೊಳ್ಳಿ. ಆ ಪಟ್ಟಿಯನ್ನು ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲಿ ಕೊಡಿ, ನಮಗೂ ಒಂದು ಪ್ರತಿ ಕಳಿಸಿ.