ಎಲ್ಲಿಯ ಪಾದ್ರಿ, ಎಲ್ಲಿಯ ಗುಮಾಸ್ತ?

ಪ್ರಶ್ನೆ: ನಾನು ಕ್ಲರ್ಕ್ ಆಗಿದ್ದು ರಿಟೈರ್ ಆದವನು. ಮೊನ್ನೆ ಇಂಗ್ಲಿಷ್ ಪೇಪರಿನಲ್ಲಿ ಇರಾನಿನದು 'ಕ್ಲರಿಕಲ್' ಆಡಳಿತ ಅಂತ ಓದಿ ನನ್ನ ಮೊಮ್ಮಗಳು, "ತಾತ, ಅಲ್ಲಿ ನಿಮ್ಮವರೇ ದೇಶ ಆಳ್ತಾರಂತೆ" ಎಂದು ನಕ್ಕಳು. ಡಿಕ್ಷನರಿ ತೆಗೆದರೆ ಪಾದ್ರಿಗೂ ಅದೇ ಪದ, ಗುಮಾಸ್ತಿಕೆಗೂ ಅದೇ ಪದ. ಏನಿದು?
– ಒಬ್ಬ ಓದುಗರು, ಹಾಸನ

ಉತ್ತರ: ಮೊಮ್ಮಗಳು ತಪ್ಪೇನೂ ಓದಿಲ್ಲ ಬಿಡಿ. ಆ ಸುದ್ದಿಯ ಕ್ಲರಿಕಲ್ ಅಂದರೆ ಧರ್ಮಗುರುಗಳದ್ದು. ನಿಮ್ಮ ಕೆಲಸವೂ ಕ್ಲರಿಕಲ್ಲೇ. ಎರಡೂ ಒಂದೇ ಬೇರಿನವು.

ಆ ಬೇರು ಗ್ರೀಕಿನ 'ಕ್ಲೇರೊಸ್'. ನಮ್ಮಲ್ಲಿ ಅಣ್ಣತಮ್ಮಂದಿರು ಹಿಸ್ಸೆ ಆಗುವಾಗ ಯಾವ ಹೊಲ ಯಾರಿಗೆ ಅಂತ ಚೀಟಿ ಎತ್ತುತ್ತಾರಲ್ವಾ, ಗ್ರೀಕರೂ ಹಾಗೇ, ಗುರುತು ಮಾಡಿದ ಚೂರುಗಳನ್ನು ಶಿರಸ್ತ್ರಾಣದಲ್ಲಿ ಹಾಕಿ ಕುಲುಕುತ್ತಿದ್ದರು, ಯಾರದ್ದು ಆಚೆ ಬಿತ್ತೋ ಅವನ ಪಾಳಿ. ಆ ಚೂರೇ ಕ್ಲೇರೊಸ್. ಅದರಿಂದ ಸಿಕ್ಕ ಪಾಲಿಗೂ ಅದೇ ಹೆಸರು. ಬೈಬಲ್ಲಿನಲ್ಲಿ ಲೇವಿಯರು ಎಂಬ ಪೂಜಾರಿ ಕುಲಕ್ಕೆ ಜಮೀನಿನ ಪಾಲಿಲ್ಲ, ದೇವರೇ ಅವರ ಪಾಲು ಅಂತ ಇದೆ. ಗ್ರೀಕ್ ಅನುವಾದದಲ್ಲಿ ಅಲ್ಲಿ ಬರುವ ಪದ ಇದೇ. ಹೀಗೆ ದೇವರ ಪಾಲಿನವರು 'ಕ್ಲೇರಿಕೋಸ್' ಆದರು, ಲ್ಯಾಟಿನ್ನಿನಲ್ಲಿ 'ಕ್ಲೇರಿಕುಸ್', ಇಂಗ್ಲಿಷಿಗೆ ಬಂದು ಕ್ಲರ್ಕ್. ಅಂದರೆ ಮೊದಲು ಕ್ಲರ್ಕ್ ಅಂದರೆ ಪಾದ್ರಿಯೇ. ಇಂಗ್ಲೆಂಡಿನ ಕಾನೂನು ಕಾಗದಗಳಲ್ಲಿ ಆಂಗ್ಲಿಕನ್ ಪಾದ್ರಿಯನ್ನು ಇವತ್ತಿಗೂ ಕ್ಲರ್ಕ್ ಅಂತ ಕರೆಯುವುದುಂಟು.

ಮತ್ತೆ ಆಫೀಸಿಗೆ ಹೇಗೆ ಬಂತು? ಅಕ್ಷರದ ದಾರಿಯಲ್ಲಿ. ಆ ಕಾಲದ ಯುರೋಪಿನಲ್ಲಿ ಓದು ಬರಹ ಬಲ್ಲವರು ಹೆಚ್ಚಾಗಿ ಚರ್ಚಿನವರೇ, ಹಾಗಾಗಿ ರಾಜನಿಗೆ ಪತ್ರ ಬರೆಯಬೇಕು, ಲೆಕ್ಕ ಇಡಬೇಕು ಅಂದರೆ ಅವರನ್ನೇ ಕರೆಯಬೇಕಿತ್ತು. ಬರಬರುತ್ತಾ ಓದು ಬಲ್ಲವನೆಲ್ಲ ಕ್ಲರ್ಕ್ ಆದ. ದೀಕ್ಷೆ ಬಿಟ್ಟುಹೋಯಿತು, ಲೇಖನಿ ಉಳಿಯಿತು.

ಇದರಲ್ಲಿ ನನಗೆ ಮಜಾ ಅನ್ನಿಸುವುದು ಇಂಗ್ಲೆಂಡಿನ ಕೋರ್ಟುಗಳ ಕಥೆ. ಪಾದ್ರಿಗಳಿಗೆ ಸಾಮಾನ್ಯ ಕೋರ್ಟಿನಲ್ಲಿ ಗಲ್ಲು ಇರಲಿಲ್ಲ. ನೀನು ಪಾದ್ರಿ ಅನ್ನೋದಕ್ಕೆ ಏನು ಸಾಕ್ಷಿ? ಓದಿ ತೋರಿಸು, ಸಾಕು. ಸಾಮಾನ್ಯವಾಗಿ ಕೊಡುತ್ತಿದ್ದದ್ದು ಬೈಬಲ್ಲಿನ 51ನೇ ಕೀರ್ತನೆಯ ಮೊದಲ ಸಾಲು, ದೇವರೇ ನನ್ನನ್ನು ಕರುಣಿಸು ಅನ್ನುವುದು. ಅದನ್ನು ಓದಿದರೆ ಕುತ್ತಿಗೆ ಉಳಿಯಿತು. ಜನ ಅದಕ್ಕೆ 'ಕುತ್ತಿಗೆಯ ಶ್ಲೋಕ' ಅಂತಲೇ ಹೆಸರಿಟ್ಟಿದ್ದರು! ಅಕ್ಷರ ಗೊತ್ತಿಲ್ಲದ ಕಳ್ಳರೂ ಬಾಯಿಪಾಠ ಮಾಡಿಕೊಂಡು ಬಂದು ಪುಸ್ತಕ ಹಿಡಿದು ಒಪ್ಪಿಸಿಬಿಡುತ್ತಿದ್ದರು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಒಬ್ಬ ನಟನನ್ನು ಕೊಂದು ಹೀಗೇ ಪಾರಾದವನು. ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಪಾದ್ರಿಯಲ್ಲದವನಿಗೆ ಈ ರಿಯಾಯಿತಿ ಒಂದೇ ಸಲ, ಎರಡನೇ ಸಲ ಬಂದರೆ ಬೆರಳು ನೋಡಿದರೆ ಗೊತ್ತಾಗಬೇಕಲ್ಲ, ಅದಕ್ಕೆ. ಓದುವ ಪರೀಕ್ಷೆ 1706ರಲ್ಲಿ ಹೋಯಿತು, ರಿಯಾಯಿತಿ 1827ರಲ್ಲಿ.

ಈಗ ಪಾದ್ರಿಗೆ 'ಕ್ಲೆರಿಕ್', ಗುಮಾಸ್ತನಿಗೆ 'ಕ್ಲರ್ಕ್' ಅಂತ ಹೆಸರು ಬೇರೆಯಾಗಿದೆ. ವಿಶೇಷಣ ಮಾತ್ರ ಒಂದೇ ಉಳಿದು ಕಾಟ ಕೊಡುತ್ತಿದೆ. ಒಂದು ಆಫೀಸಿನಲ್ಲಿ ನನ್ನ ತಂದೆಯ ಹೆಸರನ್ನು ತಪ್ಪು ಬರೆದು, ಕೇಳಿದರೆ "ಕ್ಲರಿಕಲ್ ಮಿಸ್ಟೇಕ್ ಸಾರ್" ಅಂದಿದ್ದರು. ತಿದ್ದಿಸಲು ನಾಲ್ಕು ಸಲ ಅಲೆದೆ. ಯಾವ ಶ್ಲೋಕವೂ ಕೆಲಸ ಮಾಡಲಿಲ್ಲ.

ಹಾಂ, ಮೊಮ್ಮಗಳಿಗೆ ಇದನ್ನೂ ಹೇಳಿ. ನಮ್ಮ 'ಗುಮಾಸ್ತ' ಪದಕ್ಕೆ ದೇವರ ಸೋಂಕೇ ಇಲ್ಲ, ನೇಮಕಗೊಂಡವನು ಅಂತಷ್ಟೇ ಅರ್ಥ. ಉತ್ತರ ಕರ್ನಾಟಕದವರ 'ಕಾರಕೂನ' ಅಂದರೆ ಕೆಲಸ ಮಾಡುವವನು. ಎರಡೂ ಪಾರ್ಸಿ ಪದಗಳು, ಅಂದರೆ ಇರಾನಿನ ಭಾಷೆಯವು.