ಓದುಗರ ಪ್ರಶ್ನೆ: ಪ್ರೇಮಕಥೆಯಲ್ಲಿ ರಾಜಕೀಯಕ್ಕೇನು ಕೆಲಸ?

ಪ್ರಶ್ನೆ: ಕಾರವಾರದಲ್ಲಿ ಗೆಳೆಯರೆಲ್ಲ ಕೂಡಿ ಮರಾಠಿಯ ‘ಸೈರಾಟ್’ ಚಿತ್ರ ನೋಡಿದೆವು. ಪ್ರೇಮಕಥೆಯೆಂದು ಕುಳಿತರೆ ಜಾತಿ, ಊರ ಮುಖಂಡರ ದರ್ಪ ಎಲ್ಲವೂ ಬಂದವು. ಈಚೆಗೆ ಪ್ರತಿಯೊಂದು ಸಮುದಾಯದವರನ್ನೂ ತೆರೆಯ ಮೇಲೆ ತಂದು ನಿಲ್ಲಿಸುವ ರೂಢಿಯೂ ಕಾಣುತ್ತಿದೆ. ಇದರಿಂದ ಪ್ರೇಮದ ರಸ ಕೆಡುವುದಿಲ್ಲವೇ?
— ಓದುಗರೊಬ್ಬರು, ಅಂಕೋಲಾ

ಉತ್ತರ: ನಾಗರಾಜ ಮಂಜುಳೆಯವರ 2016ರ ಆ ಚಿತ್ರದಲ್ಲಿ ತರಗತಿಯ ದೃಶ್ಯವೊಂದಿದೆ. ಕಾವ್ಯದ ಪಾಠ ನಡೆಯುತ್ತಿರುವಾಗ ನಾಯಕಿಯ ಮನೆಯ ಹುಡುಗ ಅಧ್ಯಾಪಕರ ಕೆನ್ನೆಗೆ ಹೊಡೆಯುತ್ತಾನೆ. ಮನೆಯ ಹಿರಿಯರಿಗೆ ಅದೊಂದು ದೊಡ್ಡ ಸಂಗತಿಯೇ ಅಲ್ಲ. ಪ್ರೇಮಕ್ಕೂ ಆ ಏಟಿಗೂ ನೇರ ಸಂಬಂಧವಿಲ್ಲ. ಆದರೂ ಮೀನುಗಾರರ ಮನೆಯವನಾದ ನಾಯಕ ತನ್ನ ಪ್ರೀತಿಗೆ ಯಾವ ಬೆಲೆ ತೆರಬೇಕಾದೀತೆಂಬುದು ನಮಗೆ ತಿಳಿಯುವುದು ಅಲ್ಲಿಂದಲೇ. ಆ ದೃಶ್ಯವನ್ನು ತೆಗೆದುಹಾಕಿದರೆ ಚಿತ್ರದ ಕೊನೆ ಬರಿಯ ದುರ್ಘಟನೆಯಾಗಿ ಕಂಡೀತು. ಇನ್ನೂ ಸೂಕ್ಷ್ಮವಾದದ್ದು ನಾಯಕಿಯ ಧೈರ್ಯ. ಅವಳು ಟ್ರ್ಯಾಕ್ಟರ್ ಏರಿ ಹುಡುಗನ ಮನೆಯವರೆಗೂ ಹೋಗಬಲ್ಲಳು, ಏಕೆಂದರೆ ಪಾಟೀಲರ ಮಗಳನ್ನು ತಡೆಯುವ ಎದೆಗಾರಿಕೆ ಆ ಊರಿನಲ್ಲಿ ಯಾರಿಗೂ ಇಲ್ಲ; ಯಾವ ದರ್ಪ ಅವಳ ಪ್ರೀತಿಯನ್ನು ಹೊಸಕಲು ಬರುತ್ತದೆಯೋ ಅದೇ ದರ್ಪದ ಬಲದಿಂದ ಅವಳು ಪ್ರೀತಿಸತೊಡಗಿದ್ದಾಳೆ. ಹೈದರಾಬಾದಿನ ಕೊಳೆಗೇರಿಗೆ ಬಂದಮೇಲೆ ಆ ಬಲ ಕಳಚಿಬೀಳುತ್ತದೆ. ಭಾಷಣ ಬಿಗಿದಿದ್ದರೆ ರಸ ಕೆಡುತ್ತಿತ್ತು, ನಿಜ.

ಸಮುದಾಯಗಳ ಮಾತಿನಲ್ಲಿ ನಿಮ್ಮ ಬೇಸರಕ್ಕೆ ನನ್ನ ಅರ್ಧ ಒಪ್ಪಿಗೆಯಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಮಣಿಸರ ತೊಟ್ಟ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರನ್ನು ಒಂದು ಹಾಡಿನ ಹಿಂಬದಿಯಲ್ಲಿ ನಿಲ್ಲಿಸುವುದು ಪ್ರಾತಿನಿಧ್ಯವಲ್ಲ, ಅಲಂಕಾರ. 2017ರಲ್ಲಿ ಪದ್ಮಶ್ರೀ ಪಡೆದ ನಿಮ್ಮ ತಾಲೂಕಿನ, ಅದೇ ಸಮುದಾಯದ ಸುಕ್ರಿ ಬೊಮ್ಮಗೌಡರು ಹಾಡುಗಾರ್ತಿಯಷ್ಟೇ ಅಲ್ಲ, ಸಾರಾಯಿಯ ವಿರುದ್ಧ ಹೋರಾಡಿದವರು. ಕುಡುಕ ಗಂಡನ ಕೈಗೆ ಮಗಳನ್ನು ಕೊಡಲೊಲ್ಲದ ಹಾಲಕ್ಕಿ ತಾಯಿಯೊಬ್ಬಳು ಪ್ರೇಮಕಥೆಯಲ್ಲಿ ಬಂದರೆ ರಾಜಕೀಯವೂ ಪ್ರಾತಿನಿಧ್ಯವೂ ಒಟ್ಟಿಗೇ ಬಂದವು. ಹಾಗೆಯೇ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಗುಂಗುರು ಕೂದಲನ್ನಷ್ಟೇ ಕಂಡು ನಗೆಯ ಪಾತ್ರ ಬರೆಯುವವರಿಗೆ ಇದು ಹೊಳೆಯುವುದೇ ಇಲ್ಲ. ಆ ಪಾತ್ರಕ್ಕೆ ತನ್ನದೇ ಆದ ಒಂದು ಆಸೆ ಇದೆಯೇ, ಕಥೆಯ ದಿಕ್ಕನ್ನು ಅದು ಒಮ್ಮೆಯಾದರೂ ಬದಲಿಸುತ್ತದೆಯೇ ಎಂದು ನಾನು ನೋಡುತ್ತೇನೆ.

ಕಾರವಾರದ ನೌಕಾನೆಲೆಗಾಗಿ ಮನೆ ಬಿಟ್ಟ ‘ಸೀಬರ್ಡ್ ನಿರಾಶ್ರಿತ’ರ ಕುಟುಂಬದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನ ಅಪ್ಪ ಅಮ್ಮ ಮೊದಲು ಭೇಟಿಯಾದ ಕಡಲತಡಿ ಈಗ ಬೇಲಿಯ ಆಚೆಗಿದೆ, ಅವನು ತನ್ನ ಹುಡುಗಿಗೆ ಅದನ್ನು ರಸ್ತೆಯಿಂದಲೇ ತೋರಿಸಬೇಕು. ಇಲ್ಲಿ ರಾಜಕೀಯವನ್ನು ಹೊರಗಿಡುವುದಾದರೂ ಹೇಗೆ?

ಪ್ರಶ್ನೆ: ಪ್ರೇಮಚಿತ್ರದಲ್ಲಿ ಕೊಂಕಣಿ, ಹವ್ಯಕ, ಹಾಲಕ್ಕಿ ಮಾತುಗಳನ್ನು ಬೆರೆಸಿದರೆ ಹೊರಗಿನವರಿಗೆ ಅರ್ಥವಾದೀತೇ?
— ಓದುಗರೊಬ್ಬರು, ಶಿರಸಿ

ಉತ್ತರ: ಮೇಲಿನ ಓದುಗರು ‘ಸೈರಾಟ್’ನಲ್ಲಿ ಸೋಲಾಪುರದ ಕಡೆಯ ಮರಾಠಿ ಕೇಳಿಯೂ ಇಷ್ಟು ದೊಡ್ಡ ಪ್ರಶ್ನೆ ಕೇಳಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡುವ ಹುಡುಗಿ ಸಿಟ್ಟು ಬಂದಾಗ ಯಾವ ಮಾತಿಗೆ ಹೊರಳುತ್ತಾಳೆಂಬುದು ಬೆಂಗಳೂರಿನವರಿಗೂ ತಿಳಿದೀತು.