ಗಿಟಾರ್ ನಿಮ್ದೇ, ಮರ ಯಾವ್ದು? ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೇಲಿ ಹಳೇ ಗಿಟಾರ್ ಕೊಳ್ಳೋರು ಏನೇನು ನೋಡ್ಬೇಕು ಅಂತ ಬರೆದಿದ್ದೆ. ಅದ್ರಲ್ಲಿ ರೋಸ್‌ವುಡ್, ಅಂದ್ರೆ ನಮ್ಮ ಬೀಟೆ ಮತ್ತು ಅದರ ಬಳಗದ ಮರಗಳ ಬಗ್ಗೆ ಒಂದೇ ಒಂದು ಸಾಲು ಇತ್ತು, ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಬಗ್ಗೆನೇ. ಅದಕ್ಕೆ ಈ ಸಲದ ಪ್ರಶ್ನೋತ್ತರ ಪೂರ್ತಿ ಆ ಮರ, ಅದರ ಕಾಯ್ದೆಗಳದ್ದೇ.

ಎಡಿಸನ್, ನ್ಯೂಜೆರ್ಸಿಯಿಂದ ಒಬ್ಬ ಓದುಗರು: ಸಾರ್, ಹದಿನೈದು ವರ್ಷ ಆಯ್ತು ಇಲ್ಲಿಗೆ ಬಂದು, ಬರೋ ವರ್ಷ ಖಾಯಂ ಆಗಿ ಬೆಂಗಳೂರಿಗೆ ವಾಪಸ್. ನನ್ನ ಹತ್ರ 1968ರ ಮಾರ್ಟಿನ್ ಡಿ-28 ಇದೆ, ಪಕ್ಕದ ಬೀದಿಯ ಅಜ್ಜ ಒಬ್ರು ಮನೆ ಖಾಲಿ ಮಾಡುವಾಗ ಕೊಂಡಿದ್ದು. ಬ್ರೆಜಿಲ್ ರೋಸ್‌ವುಡ್ ಅಂತಾರೆ. ಹೆಗಲಿಗೆ ಹಾಕ್ಕೊಂಡು ವಿಮಾನ ಹತ್ತಬಹುದಾ, ಇಲ್ಲ ಅಲ್ಲೇ ಮಾರಿ ಬರೋದು ಒಳ್ಳೇದಾ?

ಸುಮ್ನೆ ಹೆಗಲಿಗೆ ಹಾಕ್ಕೊಂಡು ಹತ್ತೋದು ಬೇಡ. ಮೊದ್ಲು ಒಂದು ಟಾರ್ಚ್ ತಗೊಂಡು ಸೌಂಡ್‌ಹೋಲ್ (ಗಿಟಾರ್ ಮುಂದಿನ ದುಂಡು ತೂತು) ಒಳಗೆ ಬೆಳಕು ಬಿಡಿ, ನೆಕ್, ಅಂದ್ರೆ ಉದ್ದನೆ ಕತ್ತು, ಬಂದು ಸೇರೋ ಕಡೆ ಒಳಗಿರೋ ಮರದ ತುಂಡಿನ ಮೇಲೆ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಒತ್ತಿರ್ತಾರೆ. ಅದನ್ನ ಫೋಟೋ ತೆಗೆದಿಟ್ಕೊಳ್ಳಿ, ಆ ನಂಬರ್‌ನಿಂದ ಯಾವ ವರ್ಷದ್ದು ಅಂತ ಸಿಗತ್ತೆ. ವರ್ಷ ಯಾಕೆ ಮುಖ್ಯ ಅಂದ್ರೆ, ಅರವತ್ತರ ದಶಕದ ಕೊನೇಲಿ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳನ್ನ ಹಾಗ್ಹಾಗೇ ಹೊರಗೆ ಕಳ್ಸೋದು ನಿಲ್ಲಿಸ್ತು, ಗಿಟಾರ್ ಮಾಡೋ ಮಾರ್ಟಿನ್ ಕಂಪನಿಯವರು 1969ರಲ್ಲಿ ಡಿ-28ಕ್ಕೆ ನಮ್ಮ ದಕ್ಷಿಣ ಭಾರತದ ಬೀಟೆ ಹಾಕೋಕೆ ಶುರು ಮಾಡಿದ್ರು. ಹಾಗಾಗಿ ನಿಮ್ಮದು ನಿಜವಾಗ್ಲೂ 68ರದ್ದೇ ಆಗಿದ್ರೆ ಬ್ರೆಜಿಲ್ ಮರ ಅಂತಾನೇ ಅಂದ್ಕೊಂಡು ಮುಂದಿನ ಹೆಜ್ಜೆ ಇಡಿ.

ಆ ಮರ ಡಾಲ್ಬರ್ಜಿಯಾ ನೈಗ್ರಾ, ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿ ಕಾಡಿಂದು. ಆ ಕಾಡು ಬಹುಪಾಲು ಹೋಗಿಬಿಟ್ಟಿದೆ. ಅಳಿವಿನಂಚಿನ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಇದೆಯಲ್ಲ, ಅದರ ಮೊದಲನೇ ಪಟ್ಟಿಗೆ, ಅಂದ್ರೆ ಹುಲಿ ಇರೋ ಪಟ್ಟಿಗೆ, 1992ರ ಜೂನ್ 11ರಿಂದ ಈ ಮರ ಸೇರಿದೆ. ಮನೇಲಿ ಇಟ್ಕೊಳ್ಳೋದಕ್ಕೆ, ನುಡಿಸೋದಕ್ಕೆ ಅದು ಅಡ್ಡ ಬರಲ್ಲ. ಗಡಿ ದಾಟಿಸಿದ ತಕ್ಷಣ ಬರತ್ತೆ, ನಿಮ್ಮದೇ ಸ್ವಂತದ್ದು, ಮಾರಾಟಕ್ಕಲ್ಲ ಅಂದ್ರೂ ಬರತ್ತೆ.

ನಿಮಗೆ ಅನುಕೂಲ ಏನಂದ್ರೆ ಗಿಟಾರ್ 1992ಕ್ಕಿಂತ ಎಷ್ಟೋ ಹಿಂದಿಂದು. ಒಪ್ಪಂದಕ್ಕೆ ಮುಂಚಿನ ವಸ್ತು ಅಂತ ಪ್ರಮಾಣಪತ್ರ ಸಿಗತ್ತೆ, ಕೊಡೋದು ಅಮೆರಿಕದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್. ಇಲ್ಲಿ ಸುಮಾರು ಜನ ಎಡವೋದು ಎಲ್ಲಿ ಅಂದ್ರೆ, ವಾದ್ಯದ ಪಾಸ್‌ಪೋರ್ಟ್ ಅಂತ ಮೂರು ವರ್ಷಕ್ಕೆ ಕೊಡೋ ಇನ್ನೊಂದು ಸರ್ಟಿಫಿಕೇಟ್ ಇದೆ, ಅದು ಕಛೇರಿ ಕೊಡೋಕೆ ಹೋಗಿ ವಾಪಸ್ ಬರೋ ಕಲಾವಿದರಿಗೆ ಮಾಡಿದ್ದು, ಅದನ್ನ ಹಿಡ್ಕೊಂಡು ಹೋದ ವಾದ್ಯವನ್ನ ಹೊರದೇಶದಲ್ಲಿ ಮಾರೋ ಹಾಗಿಲ್ಲ, ತಿರುಗಿ ತರ್ಬೇಕು. ನೀವು ಖಾಯಂ ಬರ್ತಿರೋದ್ರಿಂದ ಅದು ನಿಮಗೆ ಹೊಂದಲ್ಲ. ಅರ್ಜಿಯಲ್ಲೇ ಮನೆ ಬದಲಾಯಿಸ್ತಿದೀನಿ, ಗಿಟಾರ್ ಶಾಶ್ವತವಾಗಿ ಹೋಗತ್ತೆ ಅಂತ ಸ್ಪಷ್ಟವಾಗಿ ಬರೀರಿ. ಜೊತೆಗೆ ಹಳೇ ಗಿಟಾರ್ ರಿಪೇರಿ ಮಾಡೋ ಅನುಭವಸ್ಥರ ಕೈಲಿ ಒಂದು ಪತ್ರ ಬರೆಸಿ, ಸೀರಿಯಲ್ ನಂಬರ್, ವರ್ಷ, ಯಾವ ಭಾಗಕ್ಕೆ ಯಾವ ಮರ ಅನ್ನೋದೆಲ್ಲ ಅದ್ರಲ್ಲಿರ್ಲಿ. ಆ ಅಜ್ಜನ ಮನೆಯವರು ಸಿಗೋದಾದ್ರೆ ಕೊಂಡಿದ್ದಕ್ಕೆ ಒಂದು ಚೀಟಿನೂ ತಗೊಳ್ಳಿ. ಇದಕ್ಕೆಲ್ಲ ತಿಂಗಳುಗಟ್ಲೆ ಹಿಡಿಯತ್ತೆ, ಆದ್ರಿಂದ ಟಿಕೆಟ್‌ಗಿಂತ ಮುಂಚೆ ಅರ್ಜಿ. ಯಾವ ಏರ್‌ಪೋರ್ಟಿಂದ ಬೇಕಾದ್ರೂ ಹೊರಡೋ ಹಾಗೂ ಇಲ್ಲ, ಸಸ್ಯ ತಪಾಸಣೆ ಇರೋ ನಿಗದಿತ ಜಾಗದಿಂದನೇ ಹೊರಡ್ಬೇಕು.

ಇನ್ನು ಈ ಕಡೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, ಸೈಟಿಸ್ ನಿಯಮಗಳು 2023ರ ಏಪ್ರಿಲ್ 1ರಿಂದ ಆ ಕಾಯ್ದೆಯ ಒಳಗೇ ಬಂದಿವೆ. ಆದ್ರಿಂದ ಯಾವ ಊರಲ್ಲಿ ಇಳೀಬೇಕು, ಏನು ತೋರಿಸ್ಬೇಕು ಅಂತ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋಗೆ ಮುಂಚೆನೇ ಮೇಲ್ ಹಾಕಿ, ಬಂದ ಉತ್ತರ ಪ್ರಿಂಟ್ ತಗೊಂಡು ಗಿಟಾರ್ ಕೇಸ್ ಒಳಗೆ ಇಡಿ.

ಮಾರೋದಾದ್ರೆ, ಕಾನೂನುಬದ್ಧವಾಗಿ ಅಲ್ಲಿಗೆ ಬಂದಿರೋ ಹಳೇ ಗಿಟಾರನ್ನ ಅಮೆರಿಕದ ಒಳಗೇ ಮಾರೋದಕ್ಕೆ ಸೈಟಿಸ್ ಪರ್ಮಿಟ್ ಬೇಡ. ಯುರೋಪ್, ಬ್ರಿಟನ್ ಕಡೆ ಹಾಗಲ್ಲ, ಅಲ್ಲಿ ಒಳಗೊಳಗೇ ಮಾರೋದಕ್ಕೂ ಈ ಮರಕ್ಕೆ ಸರ್ಟಿಫಿಕೇಟ್ ಕೇಳ್ತಾರೆ. ನನ್ನ ಕೇಳಿದ್ರೆ, ನೀವು ದಿನಾ ನುಡಿಸ್ತೀರಾ ಅಂದ್ರೆ ಕಷ್ಟಪಟ್ಟು ತನ್ನಿ, ಇಂಥ ಗಿಟಾರ್ ಮತ್ತೆ ಕೈಗೆ ಸಿಗಲ್ಲ. ಗೋಡೆ ಮೇಲೆ ನೇತಾಡ್ತಾ ಇದ್ಯಾ, ಅಲ್ಲೇ ನುಡಿಸೋರ ಕೈಗೆ ಕೊಟ್ಟು ಬನ್ನಿ.

ಮೈಸೂರಿಂದ ಒಬ್ಬ ವಿದ್ಯಾರ್ಥಿನಿ: ಓದೋಕೆ ಜರ್ಮನಿಗೆ ಹೋಗ್ತಿದೀನಿ. 2018ರಲ್ಲಿ ಅಪ್ಪ ಕೊಡಿಸಿದ ಗಿಟಾರ್, ಫ್ರೆಟ್‌ಬೋರ್ಡ್ (ತಂತಿ ಮೇಲೆ ಬೆರಳೊತ್ತೋ ಪಟ್ಟಿ) ಇಂಡಿಯನ್ ರೋಸ್‌ವುಡ್. ಪರ್ಮಿಟ್ ಬೇಕು ಅಂತ ಫ್ರೆಂಡ್ಸ್ ಹೆದರಿಸ್ತಿದಾರೆ.

ಬೇಡಮ್ಮ, ಧೈರ್ಯವಾಗಿ ತಗೊಂಡು ಹೋಗು. ಫ್ರೆಂಡ್ಸ್ ಹೇಳ್ತಿರೋದು ಹಳೇ ಕಥೆ. 2017ರ ಜನವರಿ 2ರಿಂದ ಮೊದಲನೇ ಪಟ್ಟಿಲಿದ್ದ ಬ್ರೆಜಿಲ್ ಮರ ಬಿಟ್ಟು, ರೋಸ್‌ವುಡ್‌ಗಳು ಸೇರೋ ಡಾಲ್ಬರ್ಜಿಯಾ ಕುಲದ ಉಳಿದೆಲ್ಲಾ ಮರಗಳನ್ನೂ ಸೈಟಿಸ್‌ನ ಎರಡನೇ ಪಟ್ಟಿಗೆ ಹಾಕಿದ್ರು, ಒಂದು ಗಿಟಾರ್ ಮಾರಿ ಹೊರದೇಶಕ್ಕೆ ಕೊರಿಯರ್ ಮಾಡೋದಕ್ಕೂ ಕಾಗದ ಬೇಕಾಯ್ತು, ಪ್ರಪಂಚದ ತುಂಬ ಗಿಟಾರ್ ಮಾಡೋರು ಒದ್ದಾಡಿಹೋದ್ರು. ಆಮೇಲೆ ಸೈಟಿಸ್‌ನ ಜಿನೀವಾ ಸಮ್ಮೇಳನದಲ್ಲಿ ತಯಾರಾದ ವಾದ್ಯಗಳನ್ನ, ಅವುಗಳ ಬಿಡಿಭಾಗಗಳನ್ನ ಅದ್ರಿಂದ ಬಿಟ್ರು, 2019ರ ನವೆಂಬರ್ 26ರಿಂದ ಅದು ಜಾರಿ. ಬ್ರೆಜಿಲ್ ಮರಕ್ಕೆ ಮಾತ್ರ ಈ ವಿನಾಯಿತಿ ಇಲ್ಲ, ನಿನ್ನದು ಅದಲ್ಲ. ಬಿಲ್ ಇದ್ರೆ ಒಂದು ಫೋಟೋ ಫೋನಲ್ಲಿ ಇಟ್ಕೋ. ಮತ್ತೆ ಯಾರಾದ್ರೂ ತಂತಿ ಮೀಟೋಕೆ ಹಳೇ ನಿಜವಾದ ಆಮೆ ಚಿಪ್ಪಿನ ಪಿಕ್ ಕೊಟ್ಟಿದ್ರೆ ಅದನ್ನ ಮಾತ್ರ ಒಯ್ಯಬೇಡ, ಅದು ಹಾಕ್ಸ್‌ಬಿಲ್ ಕಡಲಾಮೆಯ ಚಿಪ್ಪು, ಅದಕ್ಕೆ ಕಾನೂನು ತುಂಬಾ ಬಿಗಿ.

ಹುಬ್ಬಳ್ಳಿಯಿಂದ: ಸರ, ನಮ್ಮ ಕಡೆ ಸೀಸಂ ಅಂತೀವಲ್ರಿ, ಆ ಕಟಗಿ ಸಲುವಾಗಿ ಅಮೆರಿಕಾದಾಗ ಗಿಟಾರ್ ಮಾಡೋ ಗಿಬ್ಸನ್ ಕಂಪನಿ ಮ್ಯಾಲೆ ರೇಡ್ ಆಗಿತ್ತಂತ. ನಮ್ಮ ದೇಶದ ಕಾಯ್ದೆ ಮುರಿದಿದ್ದಕ್ಕ ಅಲ್ಲಿ ಹೆಂಗ ಹಿಡೀತಾರ್ರಿ? ಖರೇನ ತಪ್ಪು ಯಾರದು?

ಒಳ್ಳೇ ಪ್ರಶ್ನೆ ಕೇಳಿದೀರಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಅಮೆರಿಕದಲ್ಲಿ ಲೇಸಿ ಆ್ಯಕ್ಟ್ ಅಂತ 1900ರ ಕಾನೂನು ಇದೆ, ಶುರುವಾದಾಗ ಅದು ಬೇಟೆಯಾಡಿದ ಪ್ರಾಣಿ, ಪಕ್ಷಿಗಳ ಸಾಗಾಟ ತಡೆಯೋಕೆ ಮಾಡಿದ್ದು. 2008ರಲ್ಲಿ ಅದಕ್ಕೆ ಮರಮುಟ್ಟನ್ನೂ ಸೇರಿಸಿದ್ರು. ಮರ ಯಾವ ದೇಶದ್ದೋ ಆ ದೇಶದ ಕಾಯ್ದೆ ಮುರಿದು ಕಡಿದಿದ್ರೆ ಅಥವಾ ಹೊರಗೆ ಕಳ್ಸಿದ್ರೆ, ಅದನ್ನ ಅಮೆರಿಕಕ್ಕೆ ತರೋದೂ ಅಪರಾಧ ಅಂತ ಅದು ಹೇಳತ್ತೆ. ಹಾಗಾಗಿ ನಮ್ಮ ಕಾಯ್ದೆ ಅಲ್ಲಿ ಲೆಕ್ಕಕ್ಕೆ ಬರತ್ತೆ.

ಗಿಬ್ಸನ್ ಮೇಲೆ ರೇಡ್ ಆಗಿದ್ದು ಎರಡು ಸಲ, ಎರಡೂ ಬೇರೆ ಬೇರೆ ವಿಷಯ, ಜನ ಕಲಸಿಬಿಡ್ತಾರೆ. ಮೊದಲನೇದು 2009ರ ನವೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ, ಮಡಗಾಸ್ಕರ್‌ನ ಕರಿಮರ, ಅಂದ್ರೆ ಎಬೊನಿಗೆ. ಮಡಗಾಸ್ಕರ್ 2006ರಲ್ಲೇ ಎಬೊನಿ ಕಡಿಯೋದು, ಕೆತ್ತದೇ ಹೊರಗೆ ಕಳ್ಸೋದು ನಿಷೇಧ ಮಾಡಿತ್ತು, ಕಂಪನಿಯ ಉದ್ಯೋಗಿಯೊಬ್ರು 2008ರಲ್ಲಿ ಅಲ್ಲಿಗೇ ಹೋಗಿ ಇದನ್ನ ತಿಳ್ಕೊಂಡು ಬಂದಿದ್ರು, ಆಮೇಲೂ ಮರ ಬರ್ತಾನೇ ಇತ್ತು. ಇಲ್ಲಿ ತಪ್ಪು ಯಾರದ್ದು ಅಂತ ನನಗೆ ಅನುಮಾನ ಇಲ್ಲ.

ಎರಡನೇದು 2011ರ ಆಗಸ್ಟ್ 24ರದ್ದು, ನೀವು ಕೇಳ್ತಿರೋ ಸೀಸಂ, ಅಂದ್ರೆ ಬೀಟೆಯ ವಿಷಯ ಇದು. ನಮ್ಮ ವಿದೇಶಿ ವ್ಯಾಪಾರ ನೀತಿಯಲ್ಲಿ ಬೀಟೆ ದಿಮ್ಮಿಯಾಗ್ಲಿ ಕೊಯ್ದ ಹಲಗೆಯಾಗ್ಲಿ ಹೊರಗೆ ಕಳ್ಸೋ ಹಾಗಿಲ್ಲ, ಇಲ್ಲೇ ಕೆಲಸ ಮಾಡಿ ಸಾಮಾನು ಮಾಡಿ ಕಳ್ಸಬೇಕು, ಇಲ್ಲಿನ ಕೈಗಳಿಗೆ ಕೂಲಿ ಸಿಗ್ಲಿ ಅಂತ. ಹಾಗಾದ್ರೆ ಫ್ರೆಟ್‌ಬೋರ್ಡ್‌ಗೆ ಅಂತ ಸುಮಾರು 10 ಮಿಲಿಮೀಟರ್ ದಪ್ಪಕ್ಕೆ ಕೊಯ್ದ ಪಟ್ಟಿ ಇದೆಯಲ್ಲ, ಫ್ರೆಟ್ ತಂತಿ ಕೂರಿಸೋ ಸೀಳುಗಳನ್ನೂ ಇನ್ನೂ ಕೊರೆದಿಲ್ಲ, ಅದು ಹಲಗೆನಾ, ವಾದ್ಯದ ಬಿಡಿಭಾಗನಾ? 6 ಮಿಲಿಮೀಟರ್‌ಗಿಂತ ದಪ್ಪ ಇದ್ರೆ 4407 ಅನ್ನೋ ಕಸ್ಟಮ್ಸ್ ಕೋಡ್, ಹಲಗೆ. ತೆಳು ಇದ್ರೆ 4408, ವೆನೀರ್. ವಾದ್ಯದ ಭಾಗ ಅಂದ್ರೆ 9209. ಗಿಬ್ಸನ್‌ಗೆ ಬಂದ ಒಂದೇ ಮಾಲಿಗೆ ಒಂದು ಕಾಗದದಲ್ಲಿ ಒಂದು ಕೋಡ್, ಇನ್ನೊಂದರಲ್ಲಿ ಇನ್ನೊಂದು ಕೋಡ್ ಇತ್ತು, ಅಧಿಕಾರಿಗಳು ಹಿಡ್ಕೊಂಡಿದ್ದು ಅದನ್ನೇ.

2012ರ ಆಗಸ್ಟ್‌ನಲ್ಲಿ ರಾಜಿ ಆಯ್ತು. ಕ್ರಿಮಿನಲ್ ಕೇಸ್ ಹಾಕ್ಲಿಲ್ಲ, ಮೂರು ಲಕ್ಷ ಡಾಲರ್ ದಂಡ, ಮೇಲೆ 50,000 ಡಾಲರ್ ಮರಗಳ ಸಂರಕ್ಷಣೆಗೆ, ಮಡಗಾಸ್ಕರ್ ಎಬೊನಿ ಮುಟ್ಟುಗೋಲು. ಆದ್ರೆ ಭಾರತದ ಮರ ವಾಪಸ್ ಕೊಟ್ರು, ಯಾಕಂದ್ರೆ ಫ್ರೆಟ್‌ಬೋರ್ಡ್ ಪಟ್ಟಿಗೆ ಯಾವ ಕೋಡ್ ಅನ್ನೋದು ಭಾರತದ ನಿಯಮದಲ್ಲಿ ಗೊಂದಲವಾಗಿದೆ ಅಂತ ಆ ಒಪ್ಪಂದದಲ್ಲೇ ಬರೆದ್ರು. ಅಂದ್ರೆ ನಮ್ಮ ಮರದ ವಿಷಯದಲ್ಲಿ ಮುಕ್ಕಾಲು ತಪ್ಪು ನಿಯಮ ಬರೆದೋರದ್ದು ಅಂತ ನನ್ನ ಅಭಿಪ್ರಾಯ. ಇಂಥ ಕಾಯ್ದೆನ ಮಿಲಿಮೀಟರ್‌ನಲ್ಲಿ, ಕೋಡ್‌ನಲ್ಲಿ ಅಸ್ಪಷ್ಟ ಬಿಟ್ರೆ ಪ್ರಾಮಾಣಿಕ ವ್ಯಾಪಾರಿ ಹೆದರ್ತಾನೆ, ಕಳ್ಳನಿಗೆ ಏನೂ ಆಗಲ್ಲ. ಆಗ ಮನೆಮನೆಗೆ ಬಂದು ಗಿಟಾರ್ ಹೊತ್ಕೊಂಡು ಹೋಗ್ತಾರೆ ಅನ್ನೋ ಗಾಳಿಸುದ್ದಿನೂ ಹಬ್ಬಿತ್ತು, ಗೊತ್ತಿಲ್ದೆ ಕೊಂಡ ಸಾಮಾನ್ಯ ಜನರ ಮೇಲೆ ನಮ್ಮ ಕಣ್ಣಿಲ್ಲ ಅಂತ ಅಲ್ಲಿನ ಸರ್ಕಾರವೇ ಹೇಳಬೇಕಾಯ್ತು.

ಸೋಮವಾರಪೇಟೆಯಿಂದ ಒಬ್ಬ ಬೆಳೆಗಾರರು: ಮಳೆಗಾಲದಲ್ಲಿ ನಮ್ಮ ಕಾಫಿ ತೋಟದಲ್ಲಿ ಒಂದು ದೊಡ್ಡ ಬೀಟೆ ಮರ ಬುಡ ಸಮೇತ ಬಿತ್ತು. ಅಕ್ಕನ ಮಗ ಬೆಂಗಳೂರಲ್ಲಿ ಗಿಟಾರ್ ಮಾಡೋದು ಕಲೀತಿದ್ದಾನೆ, ನಂಗೆ ಎರಡು ತುಂಡು ಕೊಡಿ ಮಾವ ಅಂತಾನೆ. ನಮ್ಮದೇ ಮರ, ತಾನಾಗಿ ಬಿದ್ದಿದ್ದು, ಜೀಪಲ್ಲಿ ಹಾಕಿ ಕಳ್ಸಿದ್ರೆ ಏನು ತಪ್ಪು?

ದಯವಿಟ್ಟು ಹಾಗೆ ಕಳಿಸ್ಬೇಡಿ. ಮರ ಬಿದ್ದ ಜಾಗದಲ್ಲೇ, ಬಿದ್ದ ಹಾಗೇ ಇರ್ಲಿ, ಗರಗಸ ಮುಟ್ಟಿಸ್ಬೇಡಿ. ನಾಲ್ಕು ಕಡೆಯಿಂದ ಫೋಟೋ ತೆಗೆದು ಅರಣ್ಯ ಇಲಾಖೆಯ ರೇಂಜರ್ ಆಫೀಸ್‌ಗೆ ಅರ್ಜಿ ಕೊಡಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸ್ಕೊಳ್ಳಿ.

ನಮ್ಮದೇ ಮರ ಅಂದ್ರಿ, ಮೊದ್ಲು ನೋಡ್ಬೇಕಾಗಿರೋದೇ ಅದು. ಜಾಗ ನಿಮ್ಮದಾದ್ರೂ ಮರದ ಹಕ್ಕು ನಿಮ್ಮದಾಗಿರ್ಬೇಕು ಅಂತೇನಿಲ್ಲ. ಕೊಡಗಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಜಾಗದಲ್ಲೇ ವ್ಯತ್ಯಾಸ ಇದೆ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅನ್‌ರಿಡೀಮ್ಡ್ ಆಗಿದ್ರೆ ಮರದ ಮೇಲೆ ಸರ್ಕಾರದ ಹಕ್ಕಿದೆ, ಅದರ ಮೌಲ್ಯ ಕಟ್ಟದೇ ಮುಟ್ಟೋ ಹಾಗಿಲ್ಲ. ಹಕ್ಕು ನಿಮ್ಮದೇ ಅಂತಾದ್ರೂ 1963ರ ಕರ್ನಾಟಕ ಅರಣ್ಯ ಕಾಯ್ದೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಎರಡೂ ಇವೆ. ಇಲಾಖೆಯವರು ಬಂದು ಅಳತೆ ಮಾಡಿ, ತುಂಡಿನ ಮೇಲೆ ಹ್ಯಾಮರ್ ಗುರುತು ಹೊಡೆದು, ಸಾಗಿಸೋಕೆ ಪಾಸ್ ಕೊಡ್ಬೇಕು. ಅಕ್ಕನ ಮಗನಿಗೆ ಪುಕ್ಕಟೆ ಕೊಟ್ರೂ ಅಷ್ಟೇ, ಮಾರಿದ್ರೂ ಅಷ್ಟೇ, ಚೆಕ್‌ಪೋಸ್ಟಲ್ಲಿ ಕೇಳೋದು ಪಾಸ್ ಎಲ್ಲಿ ಅಂತ. ಪಾಸ್ ಇಲ್ಲ ಅಂದ್ರೆ ಮರದ ಜೊತೆ ಜೀಪೂ ಹೋಗತ್ತೆ.

ಇನ್ನೊಂದು ಮಾತು, ಮರದ ಬಗ್ಗೆನೇ. ಮೈಸೂರಲ್ಲಿ ಬೀಟೆ ಇನ್‌ಲೇ ಕೆಲಸ ಮಾಡೋ ಒಂದು ಮನೇಲಿ ನಾನು ಅರ್ಧ ದಿನ ಕೂತಿದ್ದೆ. ಹಲಗೆ ಉಜ್ಜಿದ ಹಾಗೆ ನೇರಳೆ ಬಣ್ಣದ ಪುಡಿ ಉದುರತ್ತೆ, ಕೈಬೆರಳ ಗೆರೆಗಳಲ್ಲಿ ಕೂತ್ಕೊಂಡ್ರೆ ಸೋಪು ಹಾಕಿದ್ರೂ ಹೋಗಲ್ಲ, ಒಂಥರಾ ಸಿಹಿ ವಾಸನೆ ಕೋಣೆ ತುಂಬ. ಅವರು ಬೆರಳಗಲದ ಚೂರನ್ನೂ ಬಿಸಾಡದೆ ಡಬ್ಬಿಗೆ ಹಾಕ್ತಿದ್ರು. ಗಿಟಾರ್‌ಗೆ ಅಂಥ ಚೂರು ಸಾಲಲ್ಲ. ಹಿಂಬದಿಯ ಒಂದೊಂದು ಅರ್ಧಕ್ಕೂ ಸುಮಾರು 8 ಇಂಚು ಅಗಲದ, ಬಿರುಕಿಲ್ಲದ ನೇರ ಹಲಗೆ ಬೇಕು, ಮೂರು ಮಿಲಿಮೀಟರ್‌ಗಿಂತ ಸಣ್ಣಕ್ಕೆ ಉಜ್ಜಬೇಕು, ಅದಕ್ಕೂ ಮುಂಚೆ ವರ್ಷಗಟ್ಲೆ ನೆರಳಲ್ಲಿ ಒಣಗ್ಬೇಕು. ಅಷ್ಟು ದಪ್ಪ ಬೆಳೆಯೋಕೆ ಬೀಟೆಗೆ ಒಂದು ಮನುಷ್ಯನ ಆಯಸ್ಸು ಸಾಲಲ್ಲ, ಈಗ ಅದು ಅಪಾಯದಲ್ಲಿರೋ ಮರಗಳ ಪಟ್ಟಿಲಿದೆ. ಅದಕ್ಕೇ ಹೇಳ್ತೀನಿ, ಇಲಾಖೆಯವರು ಪಾಸ್ ಕೊಟ್ಟ ಮೇಲೆ ಮರವನ್ನ ಸುಮ್ನೆ ನಾಟಾ ಲೆಕ್ಕದಲ್ಲಿ ಕೊಯ್ಸಿಬಿಡ್ಬೇಡಿ, ಹುಡುಗನ್ನ ಕರೆಸಿ ಅವನ ಕಣ್ಣೆದುರಿಗೇ ಕೊಯ್ಸಿ. ಬುಡದ ಎರಡು ಅಡಿಯಿಂದ ಎಷ್ಟೋ ಗಿಟಾರ್ ಆಗಬಹುದು. ಮುಂದೆ ಅವನು ಆ ಗಿಟಾರ್ ಹೊರದೇಶಕ್ಕೆ ಮಾರಿದ್ರೂ ತಯಾರಾದ ವಾದ್ಯ ಆದ್ರಿಂದ ಸೈಟಿಸ್ ಅಡ್ಡಿ ಇಲ್ಲ, ಆದ್ರೆ ಮರ ಎಲ್ಲಿಂದ ಬಂತು ಅಂತ ಕೇಳಿದಾಗ ತೋರಿಸೋಕೆ ನಿಮ್ಮ ಪಾಸಿನ ಜೆರಾಕ್ಸ್ ಅವನ ಹತ್ರ ಇರ್ಲೇಬೇಕು.

ಹೊಸದಾಗಿ ಮರ ಬೇಕಾದ ಬೇರೆಯವರಿಗೆ: ಅರಣ್ಯ ಇಲಾಖೆ ಡಿಪೋ ಹರಾಜಲ್ಲಿ ಬಂದ ಮರವನ್ನೇ ಕೊಳ್ಳಿ, ಬಿಲ್ ಕೊಡೋ ಮಿಲ್ಲಿಂದಲೇ ಕೊಳ್ಳಿ.

ಬೆಂಗಳೂರಿಂದ: ಹಳೇ ಗಿಟಾರ್ ಆನ್‌ಲೈನಲ್ಲಿ ಮಾರ್ತಿದೀನಿ. ಬ್ರೆಜಿಲಿಯನ್ ರೋಸ್‌ವುಡ್ ಅಂತ ಹಾಕಿದ್ರೆ ಒಳ್ಳೇ ರೇಟ್ ಬರತ್ತೆ ಅಂತಾರೆ. ಹಾಕ್ಲಾ?

ಖಚಿತ ಇಲ್ದೆ ಹಾಕ್ಬೇಡಿ. ನನಗೇ ಹೀಗಾಗಿತ್ತು. ಎಷ್ಟೋ ವರ್ಷದ ಹಿಂದೆ ಒಂದು ಅಂಗಡಿಯವರು ಬ್ರೆಜಿಲ್ ಮರ ಅಂತ ಹೇಳಿ ಒಂದೂವರೆ ಪಟ್ಟು ಬೆಲೆಗೆ ಕೊಟ್ಟಿದ್ರು, ಆಮೇಲೆ ಒಬ್ರು ರಿಪೇರಿಯವರು ಬಿಸಿಲಿಗೆ ಹಿಡಿದು ಎಳೆ ತೋರಿಸಿದ್ರು: ನೇರಳೆ ಮಿಶ್ರಿತ ಕಂದು, ಗೆರೆ ಎಲ್ಲಾ ನೆಟ್ಟಗೆ, ಅಪ್ಪಟ ನಮ್ಮ ಬೀಟೆ. ಬ್ರೆಜಿಲ್‌ದ್ರಲ್ಲಿ ಸಾಮಾನ್ಯವಾಗಿ ಕರೀ ಗೆರೆಗಳು ಜೇಡರ ಬಲೆ ಥರ ಸುತ್ಕೊಂಡು ಹೋಗಿರ್ತವೆ. ಆದ್ರೂ ಬರೀ ಕಣ್ಣಲ್ಲಿ ನೋಡಿ ಪಳಗಿದೋರೇ ತಪ್ಪೋದುಂಟು. ನೀವು ಸುಳ್ಳು ಹಾಕಿ ಹೊರದೇಶದವರು ಯಾರೋ ಕೊಂಡ್ರು ಅನ್ಕೊಳ್ಳಿ, ಸಾಮಾನ್ಯ ಬೀಟೆ ಗಿಟಾರ್ ಕಸ್ಟಮ್ಸ್‌ನವರ ಕಣ್ಣಿಗೆ ಸೈಟಿಸ್‌ನ ಮೊದಲನೇ ಪಟ್ಟಿ ಮಾಲಾಗತ್ತೆ, ಹಿಡಿದಿಡ್ತಾರೆ, ಬಿಡಿಸ್ಕೊಳ್ಳೋ ಹೊಣೆ ನಿಮ್ಮ ಮೇಲೆ. ‘ರೋಸ್‌ವುಡ್, ಯಾವ ಜಾತಿ ಅಂತ ಖಚಿತ ಇಲ್ಲ’ ಅಂತ ಹಾಕಿ, ಹಗಲು ಬೆಳಕಲ್ಲಿ ಹಿಂಬದಿಯ ನಾಲ್ಕು ಫೋಟೋ, ಸೌಂಡ್‌ಹೋಲ್ ಒಳಗಿನ ಲೇಬಲ್ಲಿನ ಒಂದು ಫೋಟೋ ಸೇರಿಸಿ, ಕೊಳ್ಳೋರು ಅವರೇ ನೋಡಿ ತೀರ್ಮಾನ ಮಾಡ್ಲಿ.